ಸಂತೆಯ ತೊರಕೆ, ತೋಟದ ಕೆರೆ

ಪ್ರಿಯ ಓದುಗರೇ,

ನಿಮ್ಮ ಕಾಗದ, ಜೊತೆಗಿಟ್ಟ ಚಿತ್ರ ಎರಡೂ ತಲುಪಿದವು. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ನೀವು ಮೊರದಷ್ಟು ಅಗಲದ, ಚಿರತೆಯಂತೆ ಮೈತುಂಬ ಚುಕ್ಕೆಯಿದ್ದ ತೊರಕೆ (ಚಪ್ಪಟೆ ಮೈಯ ಕಡಲ ಮೀನು, ಸ್ಟಿಂಗ್‌ರೇ) ನೋಡಿದಿರಿ. ಮಾರುವವರು "ಇದು ಹೊರದೇಶದ್ದು" ಅಂದರು. ಹೊರಗಿನ ತೊರಕೆಗಳು ನಮ್ಮ ಕಡಲಿಗೆ ಬರುತ್ತಿವೆಯಾ, ತಿನ್ನಬಹುದಾ ಎಂದು ಕೇಳಿದ್ದೀರಿ. ಕಾಗದದ ಕೊನೆಗೆ ಇನ್ನೊಂದು ಸಾಲಿದೆ. ತೋಟದ ಕೆರೆಗೆ ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಬಿಡುವ ಯೋಚನೆ ಇದೆ ಎಂದು. ಅದಕ್ಕೆ ಆಮೇಲೆ ಬರುತ್ತೇನೆ.

ಚಿತ್ರ ನೋಡಿದರೆ ಆ ತೊರಕೆ ನಮ್ಮದೇ. ಕಂದು ಬೆನ್ನು, ಒತ್ತೊತ್ತಾಗಿ ಕಪ್ಪು ಚುಕ್ಕೆ, ಚಾವಟಿಯಂಥ ಬಾಲ. ಈ ಬಳಗ ಕೆಂಪು ಸಮುದ್ರದಿಂದ ಆಸ್ಟ್ರೇಲಿಯಾದವರೆಗೆ ಹಬ್ಬಿದೆ. ಅರಬ್ಬೀ ಸಮುದ್ರವೂ ಅದರ ಮನೆ. ಬಳಗದಲ್ಲಿ ಒಂದನ್ನು ನೋಡಿದರೆ ಇನ್ನೊಂದನ್ನು ನೋಡಿದ ಹಾಗೆಯೇ. ಚಿರತೆ ಚುಕ್ಕೆಯ ತೊರಕೆಯನ್ನು ಬೇರೆ ಜಾತಿ ಎಂದು ಗುರುತಿಸಿ ಹೆಸರಿಟ್ಟಿದ್ದೇ 2008ರಲ್ಲಿ. ಹೀಗಿರುವಾಗ ಮಾರುವವರು ಹೊರಗಿನದು ಅಂದುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಇದೇ ಬಳಗದ ತೊರಕೆ ಇನ್ನೊಂದು ಕಡಲಿನಲ್ಲಿ ನಿಜವಾಗಿಯೂ ಹೊರಗಿನದು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಕೆಂಪು ಸಮುದ್ರದ ನೂರಾರು ಜಾತಿಯ ಜೀವಿಗಳು ಮೆಡಿಟರೇನಿಯನ್‌ಗೆ ದಾಟಿದವು. ಚುಕ್ಕೆ ತೊರಕೆಯೂ ದಾಟಿತು. ಇಸ್ರೇಲ್, ಟರ್ಕಿಯ ಮೀನುಗಾರರ ಬಲೆಗೆ ಬಿದ್ದಾಗ ಅಲ್ಲಿಯವರು ಅದನ್ನು ಹೊರಗಿನ ಮೀನು ಎಂದೇ ಬರೆದಿಟ್ಟರು.

ನಮ್ಮದೇ ಮೀನಾದರೆ ಕಾಣುವುದು ಇಷ್ಟು ಅಪರೂಪ ಯಾಕೆ? ಬೂತಾಯಿ (ಸಾರ್ಡೀನ್) ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ತೊರಕೆ ಹಾಗಲ್ಲ. ಮೊಟ್ಟೆ ಅದರ ಹೊಟ್ಟೆಯೊಳಗೇ ಒಡೆಯುತ್ತದೆ, ಮರಿಗಳು ಒಳಗೇ ಬೆಳೆಯುತ್ತವೆ, ಹುಟ್ಟುವುದು ಬೆರಳೆಣಿಕೆಯಷ್ಟು. ದೊಡ್ಡದಾಗಲು ವರ್ಷಗಳು ಬೇಕು. ತಳ ಗೋರುವ ಟ್ರಾಲ್ ಬಲೆಗೆ ಹೊಟ್ಟೆಯಲ್ಲಿ ಮರಿಯಿದ್ದದ್ದೂ ಸಿಗುತ್ತದೆ, ಎಳೆಯದೂ ಸಿಗುತ್ತದೆ. ಜೂನ್, ಜುಲೈ ತಿಂಗಳ 61 ದಿನದ ಮೀನುಗಾರಿಕೆ ರಜೆ ಇಂಥ ಮೀನಿಗೆ ಸಾಲುವುದಿಲ್ಲ. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ತಿನ್ನಬಹುದು. ಕರಾವಳಿಯವರು ತಿನ್ನುತ್ತಾರೆ. ಆದರೆ ಮಂಗಳೂರಿನಿಂದ ಘಟ್ಟ ಹತ್ತಿ ಬರುವಷ್ಟರಲ್ಲಿ ಐಸ್ ಕರಗಿದ್ದರೆ ಜೋಪಾನ. ತೊರಕೆಯ ಮಾಂಸದಲ್ಲಿ ಯೂರಿಯಾ ಜಾಸ್ತಿ. ಹಳತಾದರೆ ಅದೇ ಅಮೋನಿಯಾ ಆಗಿ ಮೂಗಿಗೆ ಹೊಡೆಯುತ್ತದೆ. ಆ ವಾಸನೆ ಬಂದರೆ ಕೊಳ್ಳಬೇಡಿ. ಬೆನ್ನ ತುಂಬ ಮುಳ್ಳಿರುವ ತೊರಕೆ ಕಂಡರಂತೂ ಬೇಡವೇ ಬೇಡ. ಅದಕ್ಕೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಈಗ ನಿಮ್ಮ ಕೆರೆ. ದಯವಿಟ್ಟು ಆ ಮರಿ ಬಿಡಬೇಡಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಸರ್ಕಾರ 2000ದಲ್ಲೇ ನಿಷೇಧಿಸಿದೆ. ಅದು ಬಾಯಿಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಕಪ್ಪೆ, ಚಿಕ್ಕ ಮೀನು ಯಾವುದನ್ನೂ ಬಿಡುವುದಿಲ್ಲ. ಗಾಳಿಯನ್ನೂ ಉಸಿರಾಡುತ್ತದೆ, ಹಾಗಾಗಿ ಒದ್ದೆ ನೆಲದ ಮೇಲೆ ತೆವಳಿ ಇನ್ನೊಂದು ನೀರು ಸೇರಬಲ್ಲದು. ನೀವು ಕೆರೆ ತೋಡಿಸಿದ್ದು ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಕಲು, ಅಲ್ವಾ? ಅದೇ ಕೆರೆ ಜುಲೈಯಲ್ಲಿ ಕೋಡಿ ಹರಿಯುತ್ತದೆ. ಆ ನೀರು ತೋಡಿಗೆ, ತೋಡು ಕಾವೇರಿಗೆ. 2018ರ ಆಗಸ್ಟ್‌ನ ಮಳೆ, ನೆರೆ ನಿಮಗೆ ನೆನಪಿದ್ದೇ ಇರುತ್ತದೆ. ಅದೇ ಮಳೆಗೆ ಕೇರಳದ ಚಾಲಕುಡಿ ಹೊಳೆಯಲ್ಲಿ ಅಮೆಜಾನಿನ ಅರಪೈಮಾ ಮೀನು ಸಿಕ್ಕಿತು. ಯಾರೋ ಸಾಕಲು ತಂದದ್ದು ನೆರೆಯಲ್ಲಿ ಹೊಳೆ ಸೇರಿತ್ತು. ನಿಮ್ಮ ಹೊಳೆಗಳಲ್ಲಿ ನಮ್ಮದೇ ಮೀನಾದ ಮಹಶೀರ್ ಇನ್ನೂ ಇದೆ. ಹೊರಗಿನ ಮೀನಿನ ಭಯ ಇರುವುದು ಅಲ್ಲಿ. ಸಾಕಲೇಬೇಕೆಂದಿದ್ದರೆ ಕಾಟ್ಲಾ, ರೋಹು ಮರಿಗೆ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಕೋಡಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿಸಿ.

ಇನ್ನೊಮ್ಮೆ ಚುಕ್ಕೆ ತೊರಕೆ ಕಂಡರೆ ಬೆನ್ನು, ಹೊಟ್ಟೆ, ಬಾಲ ಮೂರರದ್ದೂ ಚಿತ್ರ ತೆಗೆದು ಕಳಿಸಿ. ಯಾವ ಬಂದರಿನಿಂದ ಬಂತು ಎಂದೂ ಕೇಳಿ ಬರೆಯಿರಿ.

ಸಂಪಾದಕ