ಬೇಸಿನ್ನಿನ ಬಿಸಿನೀರಿಗಿಂತ ಒಲೆಯ ಹೊಗೆಯೇ ಚಿಂತೆಯ ವಿಷಯ

ಪ್ರಶ್ನೆ: ನಾನು ಸಣ್ಣದೊಂದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ ಕೂಲಿ ಮಾಡುತ್ತೇನೆ. ಚೊಚ್ಚಲ ಬಸಿರು, ಈಗ ಐದು ತಿಂಗಳು. ದಿನವಿಡೀ ನಿಂತು, ಬೆಂದ ಗೂಡಿನಿಂದ ನೂಲೆಳೆಯುವ ತೊಟ್ಟಿಯಾದ ಬೇಸಿನ್ನಿನ ಬಿಸಿನೀರಿನಲ್ಲಿ ಕೈಯಾಡಿಸಬೇಕು. ಗೂಡು ಬೇಯಿಸುವ ಸೌದೆ ಒಲೆಯೂ ಪಕ್ಕದಲ್ಲೇ ಇದೆ. ಬಿಸಿನೀರಿನಿಂದ, ಬೆಂದ ಹುಳುವಿನ ವಾಸನೆಯಿಂದ ಮಗುವಿಗೆ ತೊಂದರೆಯಾಗುತ್ತದೆಯೇ? ಕೆಲಸ ಬಿಡುವ ಸ್ಥಿತಿಯಲ್ಲಿ ನಾನಿಲ್ಲ.
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಕೈಗಳು ಬಿಸಿನೀರಿನಲ್ಲಿದ್ದ ಮಾತ್ರಕ್ಕೆ ಗರ್ಭಕ್ಕೆ ಹಾನಿಯಾಗುವುದಿಲ್ಲ. ವಾಸನೆ ವಾಂತಿ ತರಿಸಬಹುದೇ ಹೊರತು ಮಗುವನ್ನು ಮುಟ್ಟುವುದಿಲ್ಲ. ಬೆರಳಿನ ಸಂದಿಯ ಚರ್ಮ ಒಡೆದಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ.

ನೀವು ಪ್ರಸ್ತಾಪಿಸಿಯೂ ಪ್ರಶ್ನಿಸದೆ ಬಿಟ್ಟ ಸೌದೆ ಒಲೆಯೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. ಸೌದೆ ಸರಿಯಾಗಿ ಉರಿಯದಿದ್ದಾಗ ಹೊರಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು, ಮಗುವಿಗೆ ತಲುಪಬೇಕಾದ ಆಮ್ಲಜನಕದ ಜಾಗವನ್ನು ಕಬಳಿಸುತ್ತದೆ. ತಾಯಿ ಹೊರಗಾಳಿಗೆ ಬಂದು ಚೇತರಿಸಿಕೊಂಡ ಮೇಲೂ ಮಗುವಿನ ರಕ್ತದಿಂದ ಅದು ನಿಧಾನವಾಗಿಯೇ ಇಳಿಯುತ್ತದೆ. ದಿನವೂ ಸೌದೆ ಹೊಗೆ ಕುಡಿಯುವ ಗರ್ಭಿಣಿಯರಲ್ಲಿ ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ ಹೆಚ್ಚು. ಜೊತೆಗೆ ರಕ್ತಹೀನತೆಯೂ ಇದ್ದರೆ ಪೆಟ್ಟು ಎರಡು ಕಡೆಯಿಂದ ಬಿದ್ದಂತೆ. ಆದ್ದರಿಂದ ಹಿಮೋಗ್ಲೋಬಿನ್ ಎಷ್ಟಿದೆಯೆಂದು ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ. 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆಯನ್ನು ತಪ್ಪಿಸದೆ, ಆದರೆ ಚಹಾ ಕಾಫಿಯ ಜೊತೆಯಲ್ಲಲ್ಲದೆ, ತೆಗೆದುಕೊಳ್ಳಿ. ಒಲೆಯ ಬಳಿ ತಲೆನೋವು, ತಲೆಸುತ್ತು ಬಂದು ಹೊರಗೆ ಹೋದೊಡನೆ ಕಡಿಮೆಯಾಗುತ್ತಿದ್ದರೆ ಅದನ್ನು ಬಸಿರಿನ ಸುಸ್ತೆಂದು ತಳ್ಳಿಹಾಕಬೇಡಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಬೂದಿ, ಮಸಿ ಸ್ವಲ್ಪ ತಡೆಯಬಹುದು, ಈ ಅನಿಲ ತಡೆಯದು.

ಬೇಸಿನ್ನಿನ ಹಬೆಯಿಂದ ಮೈ ಬೆವರಿ ನೀರಿನಂಶ ಕಡಿಮೆಯಾದರೆ ಹೊಟ್ಟೆ ಬಿಗಿಹಿಡಿಯಬಹುದು. ಬಾಯಾರಿಕೆಗೆ ಕಾಯದೆ ಆಗಾಗ ನೀರು, ಮಜ್ಜಿಗೆ ಕುಡಿಯಿರಿ. ಗಂಟೆಗೊಮ್ಮೆಯಾದರೂ ಕುಳಿತು ಕಾಲು ಚಾಚಿಕೊಳ್ಳಿ. ನೆಲ ಸದಾ ಒದ್ದೆಯಿರುವ ಜಾಗವಾದ್ದರಿಂದ ಜಾರದ ಚಪ್ಪಲಿ ಹಾಕಿಕೊಳ್ಳಿ.

ಇನ್ನು ಮಾಲೀಕರ ವಿಷಯ. ಈ ಮಾತನ್ನು ಎಂಟನೇ ತಿಂಗಳಿಗೆ ಮುಂದೂಡದೆ ಈಗಲೇ ಆಡುವುದು ಒಳ್ಳೆಯದು. ರಜೆ ಬೇಕೆನ್ನುವ ಬದಲು ಕೆಲಸ ಬದಲಿಸಿಕೊಡಿ ಎಂದು ಕೇಳಿದರೆ ಅವರು ಒಪ್ಪುವುದು ಸುಲಭ: ಕುಳಿತು ಗೂಡು ಆರಿಸುವುದು, ನೂಲಿನ ಲಡಿ ಕಟ್ಟುವುದು ಒಲೆಯಿಂದ ದೂರ ಮಾಡಬಹುದಾದ ಕೆಲಸಗಳೇ ಅಲ್ಲವೇ? ಒಲೆಗೆ ಹೊಗೆ ಕೊಳವೆ ಹಾಕಿಸುವುದು ಉಳಿದ ಕೆಲಸಗಾರರಿಗೂ ಅವರಿಗೂ ಹಿತ. ಎಂಬತ್ತು ದಿನ ದುಡಿದವರಿಗೆ ಕಾನೂನು 2017ರಿಂದ 26 ವಾರಗಳ ಸಂಬಳ ಸಹಿತ ಹೆರಿಗೆ ರಜೆ ಕೊಟ್ಟಿದೆಯಾದರೂ, ನಾಲ್ಕೈದು ಜನರಿರುವ ಘಟಕಗಳಿಗೆ ಅದು ಸಾಮಾನ್ಯವಾಗಿ ತಲುಪುವುದಿಲ್ಲವೆಂಬುದು ಬೇಸರದ ಸಂಗತಿ. ಹಾಗಾಗಿ ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ ಸಿಗುವ 5,000 ರೂಪಾಯಿಗೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ತಡಮಾಡದೆ ಹೆಸರು ನೋಂದಾಯಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿರುತ್ತದೆ. ಅಂದು ಒಲೆಯ ವಿಷಯವನ್ನು ನೀವಾಗಿಯೇ ವೈದ್ಯರಿಗೆ ಹೇಳಿ, ಏಕೆಂದರೆ ನಾವು ವೈದ್ಯರು ಎಷ್ಟೋ ಸಲ ಕೆಲಸವೇನೆಂದು ಕೇಳುವುದನ್ನೇ ಮರೆಯುತ್ತೇವೆ. ರಕ್ತಸ್ರಾವ, ನೀರು ಹೋಗುವುದು, ಕಣ್ಣು ಮಂಜಾಗುವಷ್ಟು ತಲೆನೋವು, ಮುಖದ ಊತ ಅಥವಾ ಮಗುವಿನ ಮಿಸುಕಾಟ ಕಡಿಮೆಯಾಗುವುದು ಕಂಡರೆ ಮಾತ್ರ 9ನೇ ತಾರೀಖಿಗೆ ಕಾಯದೆ ಅದೇ ಗಳಿಗೆಯಲ್ಲಿ 108ಕ್ಕೆ ಕರೆ ಮಾಡಿ.