ಕೆಲವೇ ತಿಂಗಳ ಗೋಡೆಗೂ ಪೂರ್ತಿ ಲೆಕ್ಕ ಬೇಕೇ?

ಪ್ರಶ್ನೆ: ಆರು ಮೀಟರ್ ಆಳದ ಬೇಸ್‌ಮೆಂಟ್ ಅಗೆಯಲು ನೆಲಕ್ಕೆ ಇಳಿಸಿ ಒಂದಕ್ಕೊಂದು ಕೊಂಡಿ ಹಾಕುವ ಉಕ್ಕಿನ ಹಲಗೆಗಳಾದ ಶೀಟ್ ಪೈಲ್‌ಗಳ ತಡೆಗೋಡೆಯನ್ನು ವಿನ್ಯಾಸ ಮಾಡುತ್ತಿದ್ದೇನೆ. ಮಣ್ಣು ಮರಳುಮಿಶ್ರಿತ, ಪಕ್ಕದ ಕಟ್ಟಡ ಮೂರು ಮೀಟರ್ ದೂರದಲ್ಲಿದೆ. ಒಳಗಿನ ಕಾಂಕ್ರೀಟ್ ಗೋಡೆ ಮುಗಿದ ಕೂಡಲೇ ಪೈಲ್‌ಗಳನ್ನು ಕಿತ್ತು ತೆಗೆಯುವುದರಿಂದ, ಮಣ್ಣಿನ ಒತ್ತಡವನ್ನು ಕಡಿಮೆ ಹಿಡಿಯಬಹುದೇ?

ಉತ್ತರ: ಹಿಡಿಯಬಾರದು. ಗೋಡೆ ತಾತ್ಕಾಲಿಕವೇ ಹೊರತು ಅದರ ಮೇಲೆ ಬೀಳುವ ಒತ್ತಡ ತಾತ್ಕಾಲಿಕವಲ್ಲ. ತುಕ್ಕಿಗೆಂದು ಬಿಡುವ ಹೆಚ್ಚುವರಿ ದಪ್ಪದಂಥ ದೀರ್ಘಾವಧಿಯ ಅಂಶಗಳಲ್ಲಿ ಮಾತ್ರ ಉಳಿತಾಯ ಸಾಧ್ಯ.

ಮಣ್ಣಿನ ಘರ್ಷಣ ಕೋನ (ಕಣಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಶಕ್ತಿಯ ಅಳತೆ) 30 ಡಿಗ್ರಿ ಎಂದುಕೊಂಡರೆ ರ‍್ಯಾಂಕಿನ್ ಸೂತ್ರದ ಸಕ್ರಿಯ ಒತ್ತಡ ಗುಣಾಂಕ, ಅಂದರೆ ಗೋಡೆ ಸ್ವಲ್ಪ ಸರಿದಾಗ ಮಣ್ಣಿನ ಮೇಲ್ಭಾರದಲ್ಲಿ ಪಕ್ಕಕ್ಕೆ ತಳ್ಳುವ ಪಾಲು, ಮೂರರಲ್ಲೊಂದು. ಘನ ಮೀಟರಿಗೆ 18 ಕಿಲೋನ್ಯೂಟನ್ ತೂಗುವ ಒಣ ಮಣ್ಣು ಆರು ಮೀಟರ್ ಎತ್ತರದಲ್ಲಿ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ 108 ಕಿಲೋನ್ಯೂಟನ್ ಬಲ ಹಾಕುತ್ತದೆ. ಆದರೆ ಗೋಡೆಯ ಹಿಂದೆ ನೆಲಮಟ್ಟದವರೆಗೂ ನೀರು ನಿಂತರೆ, ಮುಳುಗಿದ ಮಣ್ಣಿನ ಪಾಲು 60ರ ಆಸುಪಾಸಿಗೆ ಇಳಿದರೂ, ನೀರೊಂದೇ 177 ಕಿಲೋನ್ಯೂಟನ್ ಸೇರಿಸುವುದರಿಂದ ಒಟ್ಟು ಬಲ ಎರಡು ಪಟ್ಟು ಮೀರುತ್ತದೆ. ಹಾಗಾಗಿ ಕೋನ ಒಂದೆರಡು ಡಿಗ್ರಿ ಹೆಚ್ಚೋ ಕಡಿಮೆಯೋ ಎಂದು ತಲೆಕೆಡಿಸಿಕೊಳ್ಳುವ ಮುನ್ನ, ಮಳೆಗಾಲದ ಅಂತರ್ಜಲ ಮಟ್ಟವನ್ನು ಅಳೆದು ಖಚಿತಪಡಿಸಿಕೊಳ್ಳಿ. ಶೀಟ್ ಪೈಲ್‌ಗಳು ನೀರನ್ನು ತಡೆದು ನಿಲ್ಲಿಸುವುದರಿಂದ, ತಳದಲ್ಲಿ ಮೇಲ್ಮುಖವಾಗಿ ಉಕ್ಕುವ ನೀರು ಮರಳನ್ನು ಸಡಿಲಗೊಳಿಸುವ ಅಪಾಯವನ್ನೂ ಪರಿಶೀಲಿಸಬೇಕು.

ಪಕ್ಕದ ಕಟ್ಟಡ ಇನ್ನೊಂದು ತೊಡಕು. ಒತ್ತಡ ಸಕ್ರಿಯ ಸ್ಥಿತಿಗೆ ಇಳಿಯಬೇಕಾದರೆ ಗೋಡೆ ಸ್ವಲ್ಪವಾದರೂ ಸರಿಯಬೇಕು. ಗಟ್ಟಿ ಮರಳಿನಲ್ಲಿ ಇದು ಎತ್ತರದ ಸುಮಾರು ಸಾವಿರದಲ್ಲೊಂದು ಭಾಗ. ಅಷ್ಟು ಸರಿಯುವುದನ್ನೂ ತಾಳಲಾರದ ಪಾಯವಿದ್ದರೆ, ಗೋಡೆ ಕದಲದ ನಿಶ್ಚಲ ಸ್ಥಿತಿಯ ಗುಣಾಂಕದತ್ತ, ಅಂದರೆ ಈ ಮಣ್ಣಿಗೆ ಅರ್ಧದತ್ತ, ಹೋಗಬೇಕಾಗುತ್ತದೆ. ಪಾಯದ ಭಾರವನ್ನು ಪ್ರತ್ಯೇಕವಾಗಿ ಸೇರಿಸಿ.

ಅಂತಿಮ ಆಳಕ್ಕೆ ಮಾತ್ರ ಲೆಕ್ಕ ಹಾಕಿ ಮುಗಿಸುವವರೇ ಹೆಚ್ಚು, ಆದರೆ ಗೋಡೆಗೆ ಒಳಗಿನಿಂದ ಆನಿಸುವ ಅಡ್ಡ ಆಸರೆಯಾದ ಸ್ಟ್ರಟ್‌ಗಳಲ್ಲಿ ಮೊದಲನೆಯದನ್ನು ಕೂರಿಸುವ ಮುನ್ನ ಗೋಡೆ ಆಸರೆಯಿಲ್ಲದೆ ನಿಂತ ಹಂತವೋ, ನೆಲದ ಸ್ಲ್ಯಾಬ್ ಹಾಕಲು ಸ್ಟ್ರಟ್ ತೆಗೆದ ಹಂತವೋ ಹೆಚ್ಚು ಕಠಿಣವಾಗಿರಬಹುದು. ಕೆಲಸಗಾರರು ಅರ್ಧ ಮೀಟರ್ ಹೆಚ್ಚೇ ಅಗೆದಾರು ಎಂದು ಊಹಿಸಿಯೇ ಪ್ರತಿ ಹಂತವನ್ನೂ ಪರೀಕ್ಷಿಸಿ. ಸ್ಟ್ರಟ್, ಗೋಡೆಯುದ್ದಕ್ಕೂ ಅಡ್ಡವಾಗಿ ಸಾಗುವ ತೊಲೆಯಾದ ವೇಲರ್‌ಗೆ ತಾಗುವ ಜೋಡಣೆಯನ್ನು ಅಂದಾಜಿಗೆ ಬಿಡಬೇಡಿ: 2004ರ ಏಪ್ರಿಲ್ 20ರಂದು ಸಿಂಗಪುರದ ನಿಕಾಲ್ ಹೈವೇಯ ಬಳಿ ಮೆಟ್ರೊ ಅಗೆತ ಕುಸಿದು ನಾಲ್ವರು ಸತ್ತಾಗ, ಮೊದಲು ಸೋತದ್ದು ಇಂಥ ಜೋಡಣೆಗಳೇ.

ಇನ್ನು ಪೈಲ್‌ಗಳನ್ನು ಕೀಳುವ ವಿಚಾರ. ಕಿತ್ತ ಜಾಗದ ಪೊಳ್ಳನ್ನು ಮಣ್ಣು ತುಂಬಿಕೊಳ್ಳುವಾಗ ಪಕ್ಕದ ನೆಲ ಕುಸಿಯುತ್ತದೆ, ಕಂಪನ ಅದನ್ನು ಹೆಚ್ಚಿಸುತ್ತದೆ. ಆ ಕಟ್ಟಡದ ಕಡೆಯ ಸಾಲನ್ನಾದರೂ ನೆಲದಲ್ಲೇ ಬಿಟ್ಟು, ಅದರ ಬೆಲೆಯನ್ನು ಅಂದಾಜು ಪಟ್ಟಿಯಲ್ಲಿ ಈಗಲೇ ಸೇರಿಸಿ.