ಪ್ರತಿಷ್ಠಾಪನೆ ಆಯಿತು, ಮೂರ್ತಿ ಎಲ್ಲಿ?

ಗದಗಿನ ನಿವೃತ್ತ ಮಾಸ್ತರರೊಬ್ಬರ ಪತ್ರ: "ಧಾರವಾಡದ ಕಲಾಪ್ರದರ್ಶನದ ವರದಿಯಲ್ಲಿ 'ಪ್ರತಿಷ್ಠಾಪನಾ ಕಲೆ' ಎಂದು ಬರೆದಿದ್ದಿರಿ. ಹೋಗಿ ನೋಡಿದರೆ ಹಳೆ ಸೈಕಲ್ ಗಾಲಿಗಳ ರಾಶಿ. ಮೂರ್ತಿ ಎಲ್ಲಿ? ಇನ್ನು 'ರೆಡಿಮೇಡ್' ಅಂದರೆ ಅಂಗಿಯೇ?"

ಮಾಸ್ತರರೇ, ಪತ್ರ ಓದಿ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆಮೇಲೆ ನಾಚಿಕೆಯೂ ಆಯಿತು. ಒಂದು ಜಾಗದಲ್ಲಿ ವಸ್ತುಗಳನ್ನು ಜೋಡಿಸಿ ಮಾಡುವ ಇನ್‌ಸ್ಟಾಲೇಶನ್ ಕಲೆಗೆ ಕನ್ನಡದಲ್ಲಿ ಹಾಗೆ ಬರೆಯುವ ರೂಢಿಯಿದೆ, ಬಿಡಿಸಿ ಹೇಳದೆ ನಾವೂ ಬರೆದುಬಿಟ್ಟೆವು. ನಮ್ಮ ಕಡೆ ಪ್ರತಿಷ್ಠಾಪನೆ ಅಂದರೆ ಗಣಪತಿ ಕೂಡಿಸೋದು, ಅಲ್ವಾ?

ಆದರೆ ನಿಮ್ಮ ಚೇಷ್ಟೆಯ ಮಾತು ತೀರಾ ದೂರದ್ದೂ ಅಲ್ಲ. ಹುಬ್ಬಳ್ಳಿಯ ದೊಡ್ಡ ಗಣಪತಿ ಪೆಂಡಾಲಿಗೆ ಹೋದರೆ ಬರೀ ಮೂರ್ತಿ ನೋಡಿ ಬರುತ್ತೇವೆಯೇ? ದೀಪ, ಹಾಡು, ಅಲಂಕಾರದ ನಡುವೆ ಸಾಲಿನಲ್ಲಿ ಸರಿಯುತ್ತ ಒಳಹೊಕ್ಕು ಹೊರಬರುತ್ತೇವೆ. ಇನ್‌ಸ್ಟಾಲೇಶನ್‌ನಲ್ಲೂ ಜಾಗವೇ ಕೃತಿಯ ಭಾಗ. ನಿಮ್ಮ ಓಡಾಟವೂ ಅದರೊಳಗೇ ಬಂತು.

ಉದಾಹರಣೆಗೆ, ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಮೊದಲು ಚಿತ್ರ ಬರೆಯುತ್ತಿದ್ದವರು. 1990ರ ದಶಕದಲ್ಲಿ ಸಗಣಿ ಕೈಗೆತ್ತಿಕೊಂಡರು. ಮೂಗು ಮುರಿಯಬೇಡಿ; ದೀಪಾವಳಿ ಪಾಡ್ಯಕ್ಕೆ ನಮ್ಮ ಹೆಣ್ಣುಮಕ್ಕಳೂ ಸಗಣಿಯಲ್ಲೇ ಪಾಂಡವರನ್ನು ಮಾಡುತ್ತಾರೆ. 1998ರ ಅವರ ಒಂದು ಕೃತಿಯಲ್ಲಿ ಸಗಣಿಯಿಲ್ಲ, ಕುಂಕುಮವಿದೆ. ಸೂಜಿಗೆ ಪೋಣಿಸಿದ ಉದ್ದನೆ ದಾರಗಳಿಗೆ ಕುಂಕುಮ, ಗೋಂದು ಸವರಿ ಹಗ್ಗ ಮಾಡಿದರು. ದೂರದಿಂದ ಅದು ಗೋಡೆಯ ಮೇಲಿನ ಕೆಂಪು ಗೆರೆ. ಹತ್ತಿರ ಹೋದರೆ ಹಗ್ಗ. ತುದಿಗೆ ಬಂದಾಗ ಸೂಜಿಗಳ ಗೊಂಚಲು! ಹೆಸರು 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್', ನನ್ನ ನೋವನ್ನು ಅವನಿಗೆ ಹೇಳು ಅಂತ. ಸೂಜಿಯವರೆಗೆ ನಡೆಯದಿದ್ದರೆ ನೋವು ಕಾಣುವುದೇ ಇಲ್ಲ.

ರೆಡಿಮೇಡ್ ವಿಷಯದಲ್ಲಿ ನಿಮ್ಮ ಅಂಗಿಯೇ ಸರಿ: ಹೊಲಿಸಿದ್ದಲ್ಲ, ಅಂಗಡಿಯಿಂದ ತಂದದ್ದು. 1917ರಲ್ಲಿ ಫ್ರಾನ್ಸಿನ ಕಲಾವಿದ ಮಾರ್ಸೆಲ್ ದುಶಾಂ ಒಂದು ಮೂತ್ರದ ಕುಂಡಕ್ಕೆ ಬೇರೆ ಹೆಸರಲ್ಲಿ ಸಹಿ ಹಾಕಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳಿಸಿದರು. ಪ್ರದರ್ಶನದವರು ಅದನ್ನು ಇಡಲೇ ಇಲ್ಲ ಅನ್ನಿ. ದುಶಾಂ ಅದನ್ನು ಮಾಡಿದ್ದಲ್ಲ, ಆರಿಸಿದ್ದು. ನಮ್ಮ ದೇಶದ ಕಲಾವಿದ ಸುಬೋಧ್ ಗುಪ್ತಾ 2006ರಲ್ಲಿ ಸ್ಟೀಲ್ ಪಾತ್ರೆಗಳಿಂದ ದೊಡ್ಡ ತಲೆಬುರುಡೆ ಮಾಡಿದರು. ಪಾತ್ರೆಗಳು ನಮ್ಮ ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಸಿಗುವಂಥವೇ. ಅದನ್ನೂ ರೆಡಿಮೇಡ್ ಅಂದರೆ ನಾನು ಒಪ್ಪುವುದಿಲ್ಲ. ಅಲ್ಲಿ ಪಾತ್ರೆ ಇಟ್ಟಿಗೆ ಇದ್ದಂತೆ. ಬುರುಡೆ ಕಟ್ಟಿದ್ದು ಅವರೇ.

ಇನ್ನು ಆ ಸೈಕಲ್ ಗಾಲಿಗಳು. ನಾನೂ ಎರಡು ಸುತ್ತು ಹಾಕಿದೆ. ಯಾವ ಕಡೆಯಿಂದ ನೋಡಿದರೂ ಅದೇ ರಾಶಿ. ಅದು ಇನ್‌ಸ್ಟಾಲೇಶನ್ನೇ, ಆದರೆ ಸಪ್ಪೆ. ವರದಿಯಲ್ಲಿ ಹಾಗಂತ ಬರೆಯದೆ, ದೊಡ್ಡ ಶಬ್ದ ಹಾಕಿ ಜಾರಿಕೊಂಡೆ.

ಸಂಪಾದಕ